ದಾನಪ್ಪನ ಬ್ಯಾಂಡಿನಲ್ಲಿ ಊದದ ಚೆನ್ನಯ

ದಾನಪ್ಪನ 'ಅಖಿಲ ಭಾರತ ಜಯಹಿಂದ್ ಬ್ರಾಸ್ ಬ್ಯಾಂಡ್'ನಲ್ಲಿ ಇಪ್ಪತ್ತು ಮಂದಿ ಇದ್ದರು. ಅವರಲ್ಲಿ ಊದಲು ಬರುತ್ತಿದ್ದದ್ದು ಆರು ಜನಕ್ಕೆ. ಉಳಿದವರ ಕೈಯಲ್ಲೂ ವಾದ್ಯವಿತ್ತು, ಮೈಮೇಲೆ ಕೆಂಪು ಕೋಟಿತ್ತು, ತಲೆಯ ಮೇಲೆ ತುರಾಯಿಯ ಟೋಪಿಯಿತ್ತು. ವಾದ್ಯದೊಳಗೆ ಮಾತ್ರ ಬಟ್ಟೆಯ ಉಂಡೆ ತುರುಕಿತ್ತು. ಯಾವನಿಗಾದರೂ ಹುರುಪು ಬಂದು ಊದಿಬಿಟ್ಟರೆ ಮದುವೆ ಕೆಡಬಾರದಲ್ಲ! ಇದು ದಾನಪ್ಪನೊಬ್ಬನ ಮೋಸವೇನಲ್ಲ, ಬ್ಯಾಂಡಿನ ಕಸುಬು ನಡೆಯುತ್ತಿದ್ದದ್ದೇ ಹಾಗೆ. ಮದುವೆಯವರು ಬ್ಯಾಂಡನ್ನು ಕಿವಿಯಿಂದ ಗೊತ್ತುಮಾಡುವುದಿಲ್ಲ, ತಲೆ ಎಣಿಸಿ ಗೊತ್ತುಮಾಡುತ್ತಾರೆ. ಬೀಗರು ಹದಿನೈದು ಜನರ ಬ್ಯಾಂಡು ತಂದಿದ್ದರೆ ನಮ್ಮದು ಇಪ್ಪತ್ತಾಗಬೇಕು, ಅಷ್ಟೇ.

"ನೀಲಕ್ಕಾರ, ಇಪ್ಪತ್ತು ಮಂದಿನೂ ಊದಿದ್ರ ಜನರ ಕಿವಿ ಒಡದ ಹೋಗ್ತಾವ್ರಿ. ನೋಡಾಕ ಇಪ್ಪತ್ತು, ಕೇಳಾಕ ಆರು. ಇದರಾಗ ಮೋಸ ಎಲ್ಲೈತಿ?" ಎನ್ನುತ್ತಿದ್ದ ದಾನಪ್ಪ, ನನ್ನ ಖಾನಾವಳಿಯ ಸಾರನ್ನು ಮೂರನೆಯ ಸಲ ಅನ್ನಕ್ಕೆ ಸುರಿದುಕೊಳ್ಳುತ್ತ. ಅವನು ಬೆಳಗಾವಿಯ ಕಡೆಯವನು. ನಾನು ನೀಲಾವತಿ, ಉಡುಪಿಯ ಕಡೆಯವಳು. ಗಂಡ ತೀರಿಕೊಂಡ ಮೇಲೆ ಬೊಂಬಾಯಿಯ ಬೈಕುಲ್ಲಾದ ಚಾಳಿನಲ್ಲೇ ಒಂಟಿ ಗಂಡಸರಿಗೆ ಊಟ ಹಾಕಿ ಹೊಟ್ಟೆ ಹೊರೆಯುತ್ತಿದ್ದೆ. ಬ್ಯಾಂಡಿನವರೆಲ್ಲ ಉಣ್ಣುತ್ತಿದ್ದದ್ದು ನನ್ನಲ್ಲೇ. ಹಾಗಾಗಿ ಯಾರು ಊದುತ್ತಾರೆ, ಯಾರು ಊದುವುದಿಲ್ಲ ಎಂಬುದು ನನಗೆ ಅವರ ಹಸಿವಿನಿಂದಲೇ ಗೊತ್ತಾಗುತ್ತಿತ್ತು.

ಊದದವರ ಪೈಕಿ ಮೊದಲ ಸಾಲಿನಲ್ಲಿ, ನಟ್ಟನಡುವೆ ನಿಲ್ಲುತ್ತಿದ್ದವನು ಚೆನ್ನಯ. ಎತ್ತರದ ಆಳು, ನೆಟ್ಟಗಿನ ಬೆನ್ನು, ತುಟಿಯನ್ನು ಪೂರ್ತಿ ಮುಚ್ಚುವ ಹುರಿಮೀಸೆ, ಎದೆಯ ಮೇಲೆ ಬರ್ಮಾ ಯುದ್ಧದ ಪದಕ. ಆ ಪದಕ ನೋಡಿದೊಡನೆ ಮದುವೆಯ ಯಜಮಾನರ ದನಿ ತಗ್ಗುವುದನ್ನು ದಾನಪ್ಪ ಗಮನಿಸಿದ. ಮಾರನೆಯ ವಾರವೇ ಚೋರ್ ಬಜಾರಿಗೆ ಹೋಗಿ ಒಂದು ಚೀಲ ಪದಕ ತಂದು ಎಲ್ಲರ ಎದೆಗೂ ಚುಚ್ಚಿದ. ಕಲ್ಯಾಣ ಸ್ಟೇಷನ್ ದಾಟಿ ಹೋಗದ ಡೋಲಿನವನು ರಾತ್ರಿ ಬೆಳಗಾಗುವುದರೊಳಗೆ ಆಫ್ರಿಕದಲ್ಲಿ ಯುದ್ಧ ಗೆದ್ದುಬಿಟ್ಟ. ನಿಜವಾದ ಪದಕ ಯಾವುದೆಂದು ಆಮೇಲೆ ಚೆನ್ನಯನಿಗೇ ಗುರುತು ಸಿಗುತ್ತಿತ್ತೋ ಇಲ್ಲವೋ.

ತಮಾಷೆಯೆಂದರೆ ಚೆನ್ನಯ ಒಂದು ಕಾಲದಲ್ಲಿ ನಿಜವಾಗಿಯೂ ಊದುತ್ತಿದ್ದ. ಹುಡುಗನಾಗಿ ಊರಿನಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದಾಗ ಚಹಾಕ್ಕೆ ಬರುತ್ತಿದ್ದ ಗೋವಾದ ವಾದ್ಯಗಾರನೊಬ್ಬನ ಬೆನ್ನು ಹತ್ತಿ ಟ್ರಂಪೆಟ್ ಕಲಿತ. ಮಿಲಿಟರಿ ಬ್ಯಾಂಡಿಗೆ ಸೇರಿದ. ಆಗ ನಮ್ಮ ಚಾಳಿನಲ್ಲಿ ಅವನು ಊದಲು ಕೂತರೆ ನಲ್ಲಿಯ ಹತ್ತಿರ ಕೊಡ ಹಿಡಿದು ಜಗಳವಾಡುತ್ತಿದ್ದ ಹೆಂಗಸರೂ ಬಾಯಿ ಮುಚ್ಚುತ್ತಿದ್ದರು. ಅದಕ್ಕಿಂತ ದೊಡ್ಡ ಮೆಚ್ಚುಗೆ ಬೊಂಬಾಯಿಯಲ್ಲಿ ಇಲ್ಲ. ಅದನ್ನು ಕೇಳಿಯೇ ಮೋನಿಕಾ ಅವನನ್ನು ಮೆಚ್ಚಿದ್ದು. ಮಲಾಡಿನ ಕ್ರೈಸ್ತರವಳು, ಕಂಪನಿಯೊಂದರಲ್ಲಿ ಟೈಪಿಸ್ಟ್. ಮದುವೆಯಾದಾಗ ಅವನ ಊರಿನವರೂ ಅವಳ ಮನೆಯವರೂ 'ನಮ್ಮ ಪಾಲಿಗೆ ಸತ್ತಂತೆ' ಎಂಬ ಒಂದೇ ಮಾತನ್ನು ಹೇಳಿದರು. ಆ ಎರಡು ಕಡೆಯವರು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ. ಗಂಡಹೆಂಡತಿ ನನ್ನ ಪಕ್ಕದ ಖೋಲಿಯಲ್ಲೇ ಇದ್ದರು. ಮೋನಿಕಾ ನನ್ನಿಂದ ಕನ್ನಡ ಕಲಿತಳು, ನಾನು ಅವಳಿಂದ ಬೊಂಬಿಲ್ ಮೀನು ಹುರಿಯುವುದನ್ನು ಕಲಿತೆ. ಮಗಳು ಹುಟ್ಟಿದಳು. ಚರ್ಚಿನ ಹೆಸರು ಫಿಲೊಮಿನಾ, ಚಾಳಿನ ಹೆಸರು ಚಂಪಾ.

ಯುದ್ಧದಲ್ಲಿ ಬ್ಯಾಂಡಿನವರಿಗೆ ಗಾಯಾಳುಗಳನ್ನು ಹೊರುವ ಕೆಲಸ. ಬರ್ಮಾದಲ್ಲಿ ಹಾಗೆ ಯಾರನ್ನೋ ಹೊತ್ತು ತರುವಾಗ ಗುಂಡಿನ ಚೂರು ಚೆನ್ನಯನ ಮೇಲ್ದುಟಿಯನ್ನೂ ನಾಲ್ಕು ಹಲ್ಲನ್ನೂ ಕಿತ್ತುಕೊಂಡು ಹೋಯಿತು. ಕೈ ಹೋಗಿದ್ದರೆ, ಕಾಲು ಹೋಗಿದ್ದರೆ ಜನ ಅಯ್ಯೋ ಎನ್ನುತ್ತಿದ್ದರು. ಟ್ರಂಪೆಟ್ಟಿನವನಿಗೆ ತುಟಿ ಹೋದದ್ದು ಯಾರ ಕಣ್ಣಿಗೂ ಕಾಣಲಿಲ್ಲ, ಮೀಸೆ ಬೆಳೆದು ಮುಚ್ಚಿತು. ತಿರುಗಿ ಬಂದವನು ಹೆಂಡತಿಗೆ, "ಡಾಕ್ಟ್ರು ಸರಿ ಆಗ್ತದೆ ಹೇಳಿದ್ದಾರೆ. ಪೂನಾದ ಬ್ಯಾಂಡಿನಲ್ಲಿ ಕೆಲಸ ಸಿಕ್ಕಿದೆ" ಎಂದು ಹೇಳಿ ಹೊರಟ. ಮತ್ತೆ ಬರಲಿಲ್ಲ. ಪೂನಾದಲ್ಲಿ ಯಾವಳೋ ಇದ್ದಾಳೆಂದು ಚಾಳು ತೀರ್ಮಾನಿಸಿತು. ಇಂಥ ವಿಷಯಗಳಲ್ಲಿ ಚಾಳಿಗೆ ಸಾಕ್ಷಿ ಬೇಕಾಗುವುದಿಲ್ಲ. ಮೋನಿಕಾ ಮಗುವನ್ನೆತ್ತಿಕೊಂಡು ಮಲಾಡಿಗೆ ಹೋದಳು, ಬೈಕುಲ್ಲಾದ ಕಡೆ ತಲೆ ಹಾಕಿ ಮಲಗಲಿಲ್ಲ. ಎಷ್ಟೋ ವರ್ಷ ಕಳೆದು ಚೆನ್ನಯ ದಾನಪ್ಪನ ಬ್ಯಾಂಡಿನ ಮೂಕ ಟ್ರಂಪೆಟ್ ಆಗಿ ಬೈಕುಲ್ಲಾಕ್ಕೆ ಬಂದ. ಹೆಂಡತಿಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ.

ಐವತ್ತಾರನೆಯ ಇಸವಿಯ ಒಂದು ಭಾನುವಾರ ಫ್ರಾಕು ತೊಟ್ಟ ಹುಡುಗಿಯೊಬ್ಬಳು ನನ್ನ ಬಾಗಿಲಿಗೆ ಬಂದು ನಿಂತಳು. ವಯಸ್ಸು ಹದಿನೈದಿರಬಹುದು. ತಂದೆಯ ಎತ್ತರ, ತಾಯಿಯ ಗಲ್ಲ. ಗುರುತು ಕೇಳಬೇಕಾಗಲಿಲ್ಲ.

"ಆಂಟಿ, ಜಯಹಿಂದ್ ಬ್ಯಾಂಡ್ ಇಧರ್ ಹೀ ನಾ? ಪಪ್ಪಾ ಇದ್ದಾರಾ?"

ಮಲಾಡಿನಲ್ಲಿ ಒಂದು ಮದುವೆಗೆ ಬ್ಯಾಂಡು ಹೋಗಿತ್ತಂತೆ. ಮನೆಯ ಫೋಟೋದಲ್ಲಿದ್ದ ಮುಖ ಮೆರವಣಿಗೆಯಲ್ಲಿ ಹೋಗುವುದನ್ನು ಕಂಡಳಂತೆ. ದೊಡ್ಡ ಡೋಲಿನ ಮೇಲೆ ದಾನಪ್ಪ ಬರೆಸಿದ್ದ ವಿಳಾಸ ಓದಿಕೊಂಡು ಬಂದಿದ್ದಳು. ಒಳಗೆ ಉಣ್ಣುತ್ತಿದ್ದ ಚೆನ್ನಯನ ಕೈಯಲ್ಲಿದ್ದ ತುತ್ತು ಹಾಗೆಯೇ ಉಳಿಯಿತು.

ಅಂದಿನಿಂದ ಪ್ರತಿ ಭಾನುವಾರ ಬರತೊಡಗಿದಳು. ಕೇಳುತ್ತಿದ್ದದ್ದು ಒಂದೇ: "ಪಪ್ಪಾ, ಮಲಾಡ್ ಚಲೋ ನಾ. ಒಂದು ಸಲ. ಮಮ್ಮಿ ಹತ್ತಿರ ಬಾ."

ಚೆನ್ನಯ 'ಸೀಸನ್ ಮುಗೀಲಿ' ಎನ್ನುತ್ತಿದ್ದ. ಅವಳು ಹೋದ ಮೇಲೆ ನನ್ನ ಹತ್ತಿರ ಗೋಗರೆಯುತ್ತಿದ್ದ. "ಅಕ್ಕ, ನಾನು ಊದುದಿಲ್ಲ ಅಂತ ಅವಳಿಗೆ ಹೇಳ್ಬೇಡಿ ಮಾರಾಯ್ರೆ. ಮಲಾಡಿಗೆ ಹೋದ್ರೆ ಊದು ಅಂತಾರೆ. ಅಲ್ಲಿ ಮನೆಮನೆಯಲ್ಲೂ ಪಿಟೀಲು ಉಂಟು. ಎಂತ ಮಾಡೂದು ನಾನು?"

ಹೀಗೆ ಇಡೀ ಚಾಳು ಒಂದು ಸುಳ್ಳಿನ ಕಾವಲಿಗೆ ನಿಂತಿತು. ಹುಡುಗಿ ಎಲ್ಲಿ 'ಊದಿ ತೋರಿಸು' ಎಂದುಬಿಡುತ್ತಾಳೋ ಎಂದು ಒಂದು ಭಾನುವಾರ ಕೆಳಗಿನವರ ಮನೆಯಲ್ಲಿ ಸೂತಕ. ಇನ್ನೊಂದು ಭಾನುವಾರ ವಾದ್ಯ ರಿಪೇರಿಗೆ ಹೋಗಿತ್ತು. ಮತ್ತೊಂದು ದಿನ ಅಮಾವಾಸ್ಯೆ. ಅಮಾವಾಸ್ಯೆಗೂ ಟ್ರಂಪೆಟ್ಟಿಗೂ ಏನು ಸಂಬಂಧವೆಂದು ಅವಳು ಕೇಳಲಿಲ್ಲ, ಕೇಳಿದ್ದರೆ ನಾವೇ ಒಂದು ಶಾಸ್ತ್ರ ಹುಟ್ಟಿಸುತ್ತಿದ್ದೆವು. ಯಾರಿಗೂ ನಯಾಪೈಸೆಯಷ್ಟು ಉಪಕಾರ ಮಾಡದ ನಮ್ಮ ಚಾಳಿನ ಜನ ಸುಳ್ಳು ಹೇಳಲು ಮಾತ್ರ ಪೈಪೋಟಿಯ ಮೇಲೆ ಮುಂದೆ ಬಂದರು. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಆ ಹುಡುಗಿ ಎರಡು ಗಾಡಿ ಬದಲಿಸಿ ಬರುವುದು, ಇವನು ಮೀಸೆ ತೀಡುತ್ತ ಕೂರುವುದು!

ಹೋಟೆಲ್ ಮಾಲೀಕ ರಮಾನಾಥರ ಮಗಳ ಮದುವೆ ಬಂತು. ದಾನಪ್ಪ ಅದೇ ದಿನ, ಅದೇ ಲಗ್ನಕ್ಕೆ ಇನ್ನೂ ಎರಡು ಮದುವೆ ಒಪ್ಪಿಕೊಂಡಿದ್ದ. ಮೂರು ಕಡೆಗೂ ಇಪ್ಪತ್ತಿಪ್ಪತ್ತು ಜನ ಬೇಕಲ್ಲ? ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನ ಹಮಾಲರಿಗೆ ಕೆಂಪು ಕೋಟು ತೊಡಿಸಿದ, ಅವರ ಎದೆಗೂ ಒಂದೊಂದು ಪದಕ ಚುಚ್ಚಿದ. ಊದುವ ಆರು ಜನರನ್ನು ಇಬ್ಬಿಬ್ಬರಾಗಿ ಹಂಚಿದ. ರಮಾನಾಥರ ಪಾಲಿನ ಇಬ್ಬರು ಎಲ್ಲಿ ದಾರಿ ತಪ್ಪಿದರೋ, ಮೆರವಣಿಗೆ ಹೊರಟರೂ ಬರಲಿಲ್ಲ.

ಸಂಜೆ, ಹೂವಿನಿಂದ ಸಿಂಗರಿಸಿದ ಕಾರಿನಲ್ಲಿ ಮದುಮಗ. ಕಾರಿನ ಮುಂದೆ ಇಪ್ಪತ್ತು ಮಂದಿ ಶೂರರು ವಾದ್ಯ ಬಾಯಿಗಿಟ್ಟು ನಡೆಯುತ್ತಿದ್ದಾರೆ, ಸದ್ದು ಡೋಲಿನದು ಮಾತ್ರ. ನಾನೂ ಚಂಪಾಳೂ ಫುಟ್‌ಪಾತಿನ ಮೇಲೆ ಜೊತೆಜೊತೆಗೆ ನಡೆಯುತ್ತಿದ್ದೆವು. ತಂದೆಯನ್ನು ನೋಡಬೇಕೆಂದು ಅವಳೇ ಹಟ ಹಿಡಿದು ಬಂದಿದ್ದಳು. ಸ್ವಲ್ಪ ದೂರ ಹೋಗುವುದರೊಳಗೆ ಬೀಗರು ಮುಸಿಮುಸಿ ನಗತೊಡಗಿದರು. ರಮಾನಾಥರು ಪಂಚೆ ಎತ್ತಿ ಕಟ್ಟಿ ಮುಂದೆ ಓಡಿ ಬಂದರು.

"ಎಂತದು ಇದು? ಹೆಣ ತಕೊಂಡು ಹೋಗುವ ಹಾಗೆ ಬರೇ ಡೋಲು! ಏಯ್, ಆ ಮೆಡಲಿನವ, ನೀನು ಊದು!"

ಮೆಡಲು ಎಲ್ಲರ ಎದೆಯ ಮೇಲೂ ಇದ್ದದ್ದರಿಂದ ಯಾರೂ ಮುಂದೆ ಬರಲಿಲ್ಲ. ರಮಾನಾಥರು ನೇರ ಹೋಗಿ ಚೆನ್ನಯನ ಭುಜಕ್ಕೆ ಕೈ ಹಾಕಿದರು. ಅವನು ಅತ್ತಿತ್ತ ನೋಡಿದ. ಫುಟ್‌ಪಾತಿನ ಮೇಲೆ ಮಗಳು ಕಂಡಳು. ನಾನು ಬೇಡವೆಂದು ಕೈಯಾಡಿಸಿದೆ. ಅವನು ಟ್ರಂಪೆಟ್ಟಿನೊಳಗಿಂದ ಬಟ್ಟೆ ಎಳೆದು ಬಿಸಾಡಿದ, ಮೀಸೆ ಸರಿಸಿ ತುಟಿಗಿಟ್ಟ, ಕಣ್ಣು ಮುಚ್ಚಿ ಊದಿದ.

ತೂತು ಬಿದ್ದ ತಿದಿಯಿಂದ ಗಾಳಿ ಹೋದಂತೆ ಫುಸ್ಸೆಂದಿತು. ಮತ್ತೆ ಊದಿದ, ಮತ್ತೆ ಫುಸ್ಸು. ಬೀಗರು, ಹಮಾಲರು, ಕಾರಿನೊಳಗಿದ್ದ ಮದುಮಗ, ಎಲ್ಲರೂ ನಕ್ಕರು. ಚೆನ್ನಯನ ಗದ್ದದ ಮೇಲೆ ರಕ್ತ ಇಳಿಯುತ್ತಿತ್ತು. ವಾದ್ಯವನ್ನು ರಮಾನಾಥರ ಕೈಗೆ ಕೊಟ್ಟು ಸಾಲಿನಿಂದ ಹೊರಬಂದು ಬಿರಬಿರನೆ ಸ್ಟೇಷನ್ನಿನ ಕಡೆ ನಡೆದ. ಹೀಗೆಯೇ ಒಮ್ಮೆ ಪೂನಾಕ್ಕೆ ಹೋದವನಲ್ಲವೇ? ಈಗ ಹೋದರೆ ಹುಡುಗಿಗೆ ಇನ್ನು ಸಿಗುವುದಿಲ್ಲ. ಸೆರಗು ಸಿಕ್ಕಿಸಿಕೊಂಡು ಚಂಪಾಳ ಹಿಂದೆ ಓಡಿದೆ.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಸಿಕ್ಕಿದ. ಮಗಳತ್ತ ನೋಡದೆ, "ನೀನು ಮನೆಗೆ ಹೋಗು ಮಗಾ. ಇನ್ನು ಬರ್ಬೇಡ. ನಿನ್ನ ಅಪ್ಪ ಊದುದಿಲ್ಲ" ಎಂದ.

"ಮಾಲೂಮ್ ಹೈ," ಎಂದಳು ಏದುಸಿರು ಬಿಡುತ್ತ. "ಮಲಾಡ್‌ನಲ್ಲಿ ನೋಡಿದೆನಲ್ಲ, ಆವತ್ತೇ ಗೊತ್ತು. ಊದುವವರ ಕೆನ್ನೆ ಉಬ್ಬುತ್ತೆ, ನಿನ್ನದು ಉಬ್ಬಲ್ಲ."

ಚಾಳಿನ ಅಷ್ಟೂ ಸೂತಕ, ಅಷ್ಟೂ ಅಮಾವಾಸ್ಯೆ ಒಂದೇ ಏಟಿಗೆ ನೀರಿನಲ್ಲಿ ಹೋಮವಾಯಿತು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು.

"ಮತ್ತೆ ಯಾಕೆ ಕೇಳ್ಲಿಲ್ಲ ನೀನು?" ಎಂದ ಚೆನ್ನಯ.

"ಕೇಳಿದ್ರೆ ನೀನು ಭಾಗ್ ಜಾತಾ, ಓಡಿ ಹೋಗ್ತಿದ್ದೆ." ಅವಳು ಅವನ ಕೆಂಪು ಕೋಟಿನ ತೋಳನ್ನು ಎರಡು ಕೈಯಿಂದಲೂ ಹಿಡಿದುಕೊಂಡಿದ್ದಳು. "ಈಗ ಚಲ್. ಮಮ್ಮಿಗೆ ಹೇಳು. ನಾನು ಹೇಳಲ್ಲ, ಆಂಟಿ ಹೇಳಲ್ಲ. ನೀನೇ ಹೇಳು."

ಬಟ್ಟೆ ಬದಲಿಸಿಕೊಂಡು ಬರುತ್ತೇನೆಂದ. ಬಿಡಲಿಲ್ಲ. ತುರಾಯಿ, ಪದಕ, ಜರಿಯ ಪಟ್ಟಿ ಎಲ್ಲದರ ಸಮೇತ ಗಾಡಿ ಹತ್ತಿಸಿದೆವು. ದಾದರಿನಲ್ಲಿ ಲೋಕಲ್ ಬದಲಿಸುವಾಗ ಒಬ್ಬ ಮುದುಕ ಅವನನ್ನು ರೈಲ್ವೆಯ ದೊಡ್ಡ ಸಾಹೇಬನೆಂದು ತಿಳಿದು ಸಲಾಮು ಹೊಡೆದು, ವಿರಾರ್ ಗಾಡಿ ಯಾವಾಗ ಎಂದು ಕೇಳಿದ. ಬೇರೆ ದಿನವಾಗಿದ್ದರೆ ನಾನು ನಾಲ್ಕು ಜನಕ್ಕೆ ಹೇಳಿ ನಗುತ್ತಿದ್ದೆ. ಆವತ್ತು ಚೆನ್ನಯ ಎಲ್ಲಿ ತಪ್ಪಿಸಿಕೊಳ್ಳುತ್ತಾನೋ ಎಂದು ಅವನ ಕೋಟಿನ ಇನ್ನೊಂದು ತೋಳನ್ನು ನಾನು ಹಿಡಿದುಕೊಂಡೆ.

ಮೋನಿಕಾ ಬಾಗಿಲು ತೆರೆದಳು. ಕೂದಲು ಅರ್ಧ ನೆರೆತಿತ್ತು. ಗಂಡನ ಮುಖ ನೋಡಲಿಲ್ಲ, ಕೋಟು ನೋಡಿದಳು, ಟೋಪಿ ನೋಡಿದಳು.

"ಪೂನಾದ ಬ್ಯಾಂಡಿನವರು ಒಳ್ಳೇ ಬಟ್ಟೆ ಕೊಡ್ತಾರೆ," ಎಂದಳು. ಹಿಂದೆ ನಾನು ಕಲಿಸಿದ ಅದೇ ಕನ್ನಡ. "ಅವಳು ಹೇಗಿದ್ದಾಳೆ?"

"ಯಾರು?"

"ಪೂನಾದವಳು."

ಚೆನ್ನಯ ಟೋಪಿ ತೆಗೆದ. ಎಲ್ಲಿಡಬೇಕೆಂದು ತಿಳಿಯದೆ ನನ್ನ ಕೈಗೆ ಕೊಟ್ಟ. "ಪೂನಾದಲ್ಲಿ ಯಾರೂ ಇಲ್ಲ ಮೋನಿಕಾ. ಯಾವತ್ತೂ ಇರ್ಲಿಲ್ಲ. ಬ್ಯಾಂಡಿನವರು ಊದು ಅಂದ್ರು, ನನಗೆ ಊದ್ಲಿಕ್ಕೆ ಆಗ್ಲಿಲ್ಲ. ತುಟಿ ಹೋಗಿದೆ. ನಿನಗೆ ಹೇಳ್ಲಿಕ್ಕೆ ನಾಚಿಕೆ ಆಯ್ತು, ಅದಕ್ಕೆ ಬರ್ಲಿಲ್ಲ. ಈಗ್ಲೂ ಊದುದಿಲ್ಲ. ಬರೇ ಹಿಡ್ಕೊಂಡು ನಡೆಯೂದು."

ಮೋನಿಕಾ ಈಗ ಮುಖ ನೋಡಿದಳು.

"ಇಷ್ಟೇನಾ?" ಎಂದಳು. "ಇಷ್ಟಕ್ಕೇನಾ?"

ಹೆಗಲ ಮೇಲಿದ್ದ ಅಡಿಗೆಮನೆಯ ಬಟ್ಟೆ ತೆಗೆದು ಅವನ ಎದೆಗೆ ಬಡಿದಳು. ಪದಕ ಠಣ್ಣೆಂದಿತು. ಇನ್ನೊಂದು ಸಲ ಬಡಿದಳು. ಅವನು ಕದಲದೆ ಬಡಿಸಿಕೊಂಡ. ಚಂಪಾ ಬಿಡಿಸಲು ಹೋದಳು, ನಾನು ಅವಳ ರಟ್ಟೆ ಹಿಡಿದು ನಿಲ್ಲಿಸಿದೆ.

"ಇನ್ನೊಬ್ಬಳು ಇದ್ದಿದ್ದರೆ ನಾನು ಯಾವತ್ತೋ ಕ್ಷಮಿಸ್ತಿದ್ದೆ," ಎಂದಳು ಮೋನಿಕಾ, ಬಾಯಿಗೆ ಆ ಬಟ್ಟೆಯನ್ನೇ ಒತ್ತಿಕೊಂಡು. "ಅರ್ಧ ಕ್ಷಮಿಸಿಯೂ ಆಗಿತ್ತು. ಇದನ್ನ ಹೇಗೆ ಕ್ಷಮಿಸ್ಲಿ, ಹೇಳು?"

ಅವಳು ಒಳಗೆ ನಡೆದಳು, ಬಾಗಿಲು ಮಾತ್ರ ಹಾಕಲಿಲ್ಲ. ಚಂಪಾ ತಂದೆಯ ಬೆನ್ನಿಗೆ ಕೈಯಿಟ್ಟು ಒಳಕ್ಕೆ ದೂಡಿದಳು. ನಾನು ಜಗಲಿಯ ಮೇಲೆ ಆ ಹಾಳು ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತು, ಗಂಡ ಸತ್ತಾಗಲೂ ಅಳದಷ್ಟು ಅತ್ತೆ.