ಕಪ್ಪಾಗದ ಗುಂಡಿ

ಮೊನ್ನೆ ಮೊಮ್ಮಗಳ ಹಟಕ್ಕೆ ಸೋತು ಅಟ್ಟದ ಮೂಲೆಯ ಗಡಿಗೆ ಇಳಿಸಿ ಬಾಯಿಬಟ್ಟೆ ಬಿಚ್ಚಿದೆ. ಒಣಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಬೀದರಿನ ನಮ್ಮ ಓಣಿ, ಎದುರು ಮನೆಯ, ಲೋಹಕ್ಕೆ ಬೆಳ್ಳಿ ಕೂರಿಸುವ ಬಿದರಿ ಕೆಲಸದ ಚಾಚಾ...

ಆಗ ನಿಜಾಮರ ಕಾಲ. ನನಗಿನ್ನೂ ಶಾಲೆಗೆ ಹೋಗುವ ವಯಸ್ಸಾಗಿರಲಿಲ್ಲ, ಬಾಯಿ ಮಾತ್ರ ವಕೀಲರದು. ಹಿರಿಯರು ಒಂದಂದರೆ ನಾನು ಎರಡನ್ನುತ್ತಿದ್ದೆ. ಅವ್ವ ಬೆನ್ನಿಗೆ ಗುದ್ದುತ್ತಿದ್ದಳು, ಅಪ್ಪ ಕಣ್ಣು ಕೆಂಪಗೆ ಮಾಡುತ್ತಿದ್ದ. ಚಾಚಾ ಒಬ್ಬರೇ ನನ್ನ ವಾದವನ್ನು ಪೂರ್ತಿ ಕೇಳುತ್ತಿದ್ದರು. ಕೇಳಿ, ತಮ್ಮ ಚಾಪೆಯ ಮೇಲೆ ನನ್ನನ್ನು ಕೂರಿಸಿ, "ಈಗ ನೀ ಉಸ್ತಾದ. ನಾ ಹಟಾ ಮಾಡ್ತೇನಿ, ನೀ ಜವಾಬ ಕೊಡು," ಎನ್ನುತ್ತಿದ್ದರು. ಅವರ ಹಟ ನನ್ನದಕ್ಕಿಂತ ಜೋರು. ಕೊನೆಗೆ ನಾನೇ ಸುಸ್ತಾಗಿ ನಗುತ್ತಿದ್ದೆ.

ಬಿದರಿ ಸಾಮಾನು ಕಪ್ಪಾಗಲು ಕೋಟೆಯೊಳಗಿನ ಮಣ್ಣೇ ಬೇಕು, ತಲೆಮಾರುಗಳಿಂದ ಬಿಸಿಲು ಮಳೆ ಕಾಣದ ಮಣ್ಣು, ಎನ್ನುತ್ತಿದ್ದರು ಚಾಚಾ. ನಾನು ಒಪ್ಪಲಿಲ್ಲ. ನಮ್ಮ ಅಂಗಳದ ಮಣ್ಣೇನು ಕಡಿಮೆ? ಚಾಚಾ ಬೈಯಲಿಲ್ಲ. ನನ್ನ ಮಣ್ಣನ್ನೇ ಕುದಿಯುವ ನೀರಿಗೆ ಹಾಕಿ, ಶೇರ್ವಾನಿಗೆಂದು ಮಾಡಿದ ಹೊಸ ಬಿದರಿ ಗುಂಡಿಯೊಂದನ್ನು ಅದ್ದಿದರು. ಅದು ಬೂದಿ ಬಣ್ಣದಲ್ಲೇ ಉಳಿಯಿತು. ಕೂರಿಸಿದ ಬೆಳ್ಳಿಯ ಬಳ್ಳಿ ಎದ್ದು ಕಾಣಲೇ ಇಲ್ಲ.

"ನಮ್ಮ ಮಣ್ಣಿಗೂ ಬಿಸಲ ಬಡೀದಂಗ ಇಡ್ತೇನಿ!" ಎಂದು ಅಳುತ್ತಲೇ ವಾದಿಸಿದೆ.

"ಸೈ ಬೇಟಾ, ಇಡು. ಹಳೀದಾದ ಮ್ಯಾಲ ತಗೊಂಡು ಬಾ. ಅಲ್ಲೀತನಕ ಈ ಜಗಳಾ ಮುಗದಿಲ್ಲ."

ಅಂದೇ ಗಡಿಗೆ ತುಂಬಿದೆ. ಅಪ್ಪ ಅಂಗಡಿ ಇಡಲು ಔರಾದಿಗೆ ಹೊರಟಾಗ, ಬಂಡಿಯಲ್ಲಿ ಮಣ್ಣಿಗೆ ಜಾಗವಿಲ್ಲ ಎಂದ ಅವನೊಂದಿಗೆ ಜಗಳವಾಡಿ ಗೆದ್ದೆ. ಮದುವೆಯಾಗಿ ಭಾಲ್ಕಿಗೆ ಬಂದಾಗಲೂ ಗಡಿಗೆ ಬಂತು. ಬೀದರೇನು ದೂರವಿರಲಿಲ್ಲ. ಆದರೆ ಮಣ್ಣು ಇನ್ನೂ ಹಳೆಯದಾಗಿಲ್ಲ, ಈಗಲೇ ಹೋದರೆ ಸೋಲುತ್ತೇನೆ ಅಂತ ವರ್ಷ ವರ್ಷ ಮುಂದೆ ಹಾಕಿದೆ...

ಕಡೆಗೊಮ್ಮೆ ಗಡಿಗೆ ಹೊತ್ತು ಹೋದರೆ ಚಾಪೆಯ ಮೇಲೆ ಚಾಚಾರ ಮಗ ಕೂತಿದ್ದ. ಗಡಿಗೆ ಕಂಡೇ ನನ್ನ ಗುರುತು ಹಿಡಿದ. "ನಮ್ಮ ಅಬ್ಬಾ ಹ್ವಾದ ಬ್ಯಾಸಗ್ಯಾಗ ತೀರಿಕೊಂಡರ್ರಿ ಅಕ್ಕಾ," ಎಂದು ಒಂದು ಬೂದಿ ಬಣ್ಣದ ಗುಂಡಿಯನ್ನು ನನ್ನ ಅಂಗೈಗೆ ಹಾಕಿದ. "ಇದನ್ನ ಕಪ್ಪ ಮಾಡ್ಲಾಕ ನಮಗ ಬಿಡಲೇ ಇಲ್ರಿ. ಇದರ ಜಗಳಾ ಮುಗದಿಲ್ಲ, ಆಕಿ ಬರ್ತಾಳ ಅಂತಿದ್ದರು." ನೀರು ಕಾಸಲೇ ಎಂದು ಕೇಳಿದ. ಬೇಡವೆಂದೆ. ಅಲ್ಲೇ ಕೂತು ಅತ್ತುಬಿಟ್ಟೆ.

ಅಂದಿನಿಂದ ಆ ಗುಂಡಿ ಗಡಿಗೆಯ ಮಣ್ಣಿನಲ್ಲೇ ಇತ್ತು. ಮೊನ್ನೆ ಈ ಕಥೆ ಕೇಳಿದ ಮೊಮ್ಮಗಳು ಅದನ್ನು ಹೆಕ್ಕಿ ತೆಗೆದು, "ನೀರ ಕಾಸಿ ನೋಡಬೇಕು ಆಯಿ. ಯಾಕ ಬ್ಯಾಡ?" ಎಂದು ಎದುರು ನಿಂತಳು. ಗೆದ್ದೆನೆಂದು ಹೇಳಿಕೊಳ್ಳಲು ಈಗ ಯಾರಿದ್ದಾರೆ?

ನನ್ನ ಚಾಪೆಯ ಮೇಲೆ ಅವಳನ್ನು ಕೂರಿಸಿದೆ. "ಈಗ ನೀ ಆಯಿ," ಎಂದೆ. "ಯಾಕ ಬ್ಯಾಡ, ನೀನೇ ಹೇಳು."

ಅವಳು ಗುಂಡಿಯನ್ನು ಮತ್ತೆ ಗಡಿಗೆಯ ಮಣ್ಣಿನೊಳಗೆ ಒತ್ತಿ, "ಈ ಜಗಳಾ ಇನ್ನೂ ಮುಗದಿಲ್ಲ," ಎಂದಳು.