ಬಾಯಿಲ್ಲದ ಹುಳು

ದೇವದುರ್ಗದಲ್ಲಿ ಇಪ್ಪತ್ತು ವರ್ಷ ಅಂಗಡಿಗಳ ಬೋರ್ಡು ಬರೆದವನು ನಾನು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಹೋಯಿತು. ಆಗೊಮ್ಮೆ ಈಗೊಮ್ಮೆ ಶಾಲೆಯ ಗೋಡೆ ಸಿಗುತ್ತಿತ್ತು. ಅಂಥದೊಂದು ಗೋಡೆಯ ಮೇಲೆ ನಾನು ಬರೆದ ಕಪ್ಪೆಯ ಒಳಾಂಗಗಳನ್ನು ನೋಡಿ, ರಾಯಚೂರಿನ ಮಹಿಳಾ ಕಾಲೇಜೊಂದರ ಪ್ರಾಣಿಶಾಸ್ತ್ರದ ಮೇಡಂ ನನ್ನನ್ನು ಹುಡುಕಿಕೊಂಡು ಬಂದರು. ಮಾನ್ವಿ ಕಡೆಯ ಕೂಲಿಯವರ ಮಗಳು, ನನ್ನ ಮಗಳ ವಯಸ್ಸು. ಸಮುದ್ರದ ದುಂಡುಹುಳುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದರು.

"ಕಾಕಾ, ಒಂದು ಹುಳದ ಚಿತ್ರ ಬೇಕಾಗ್ಯದ. ಫೋಟೊದಾಗ ಎಲ್ಲಾ ಕಲಸಿ ಕಾಣ್ತದ, ಕೈಲೇ ಬರದ್ರ ತಿಳೀತದ," ಎಂದರು.

ಮರುದಿನವೇ ಬಸ್ಸು ಹತ್ತಿದೆ. ಕಾರವಾರದ ಕಡಲ ಮರಳಿನಿಂದ ತಂದ ಹುಳು, ಮೈಕ್ರೋಸ್ಕೋಪಿನಲ್ಲಿ ನೂಲಿನ ಹಾಗೆ ಕಂಡಿತು. ಮೂರು ದಿನ ಕೂತು ಚುಕ್ಕೆ ಚುಕ್ಕೆಯಾಗಿ ಇಂಕಿನಲ್ಲಿ ಬರೆದೆ.

ಮೇಡಂ ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. "ಕಾಕಾ, ಈ ಬಾಯಿ ಎಲ್ಲಿಂದ ಬಂತು?"

"ತಲಿ ಅಂದಮ್ಯಾಲ ಬಾಯಿ ಇರಬೇಕಲ್ರೀ. ಸರಿಯಾಗಿ ಕಾಣಲಿಲ್ಲ, ನಾನೇ ತಿದ್ದಿ ಬರದೆ."

"ಇದಕ್ಕ ಬಾಯಿನೇ ಇಲ್ಲ. ನಾನೂ ಮೊದಮೊದಲು ಹುಡುಕಿ ಹುಡುಕಿ ಸಾಕಾಗಿ, ಸ್ಲೈಡೇ ಕೆಟ್ಟದ ಅಂದ್ಕೊಂಡಿದ್ದೆ."

"ಮತ್ತ ಹೊಟ್ಟಿಗೆ ಏನ್ ತಿಂತದ್ರೀ?"

ಅವರು ಚಿತ್ರದಲ್ಲಿನ ಕರುಳಿನ ಮೇಲೆ ಬೆರಳಿಟ್ಟರು. "ಇಲ್ಲಿ ತುಂಬಿಕೊಂಡಿದ್ದೆಲ್ಲಾ ಬ್ಯಾಕ್ಟೀರಿಯಾ. ಕೊಳೆತ ತತ್ತಿ ವಾಸನಿ ಬರ್ತದಲ್ಲ, ಅಂಥ ಗಂಧಕದ ಮರಳಿನಾಗ ಇದರ ವಾಸ. ಆ ಗಂಧಕದ ಬಲದಿಂದ ಅವು ಒಳಗ ಅಡಿಗಿ ಮಾಡ್ತಾವ, ಹುಳ ಅದರಾಗ ಉಣ್ತದ. ಇದರ ಬಳಗದಾಗ ಕೆಲವಕ್ಕ ಬಾಯಿ ಅದ. ಅವು ಬ್ಯಾಕ್ಟೀರಿಯಾನ ಮೈಮ್ಯಾಲೇ ಹೊದ್ಕೊಂಡಿರ್ತಾವ."

ನನಗೆ ಬಹಳ ನಾಚಿಕೆಯಾಯಿತು. ಜನ ಹೇಳಿದ ಹೆಸರಿಗೆ ಒಂದು ಅಕ್ಷರ ಸೇರಿಸದೆ ಬೋರ್ಡು ಬರೆದವನು, ಇಲ್ಲದ ಬಾಯಿ ಬರೆದುಕೊಟ್ಟಿದ್ದೆ. ಹೊಸ ಹಾಳೆ ಕೇಳಿದೆ.

ಈ ಸಲ ಕಂಡದ್ದನ್ನಷ್ಟೇ ಬರೆಯುತ್ತ ಹೋದೆ. ಬಾಲದ ಕಡೆ ಬಂದಾಗ ಕೈ ನಿಂತಿತು. "ಮೇಡಂ, ಇಲ್ಲಿ ಕರುಳಿನಾಗ ಬ್ಯಾಕ್ಟೀರಿಯಾದ ಕಾಳು ಕಡಿಮಿ ಆಗ್ಯಾವ. ಹಂಗೇ ಬರೀಲೇನ್ರೀ?"

ಅವರು ಬಗ್ಗಿ ನೋಡಿದರು. ಬೇರೆ ಸ್ಲೈಡುಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಎಲ್ಲದರಲ್ಲೂ ಹಾಗೇ ಇತ್ತು. "ನಾ ಇದನ್ನ ನೋಡೇ ಇರಲಿಲ್ಲ, ಕಾಕಾ," ಎಂದು ನಗುತ್ತ ನೋಟ್‌ಬುಕ್ ತೆರೆದರು.

ಪಿಎಚ್‌ಡಿ ಮುಗಿದ ದಿನ ಫೋನು ಮಾಡಿ, "ಪರೀಕ್ಷಕರು ನಿಮ್ಮ ಚಿತ್ರದ ಮುಂದೇ ಭಾಳ ಹೊತ್ತು ನಿಂತಿದ್ರು," ಎಂದರು. ಈಗ ವಾರಕ್ಕೆರಡು ದಿನ ಅವರ ಕಾಲೇಜಿಗೆ ಹೋಗುತ್ತೇನೆ. ಹುಡುಗಿಯರಿಗೆ ಚಿತ್ರ ಬರೆಯಲು ಕಲಿಸುವುದು ನನ್ನ ಕೆಲಸ. ಮೊದಲ ಒಂದು ತಾಸು ಯಾರ ಕೈಗೂ ಪೆನ್ನು ಕೊಡುವುದಿಲ್ಲ, ಬರೀ ನೋಡಿಸುತ್ತೇನೆ.