ಕೌಬಾಯ್ ಚಿತ್ರದಲ್ಲಿ ಅಮ್ಮನ ದನಿ

ನಮ್ಮಮ್ಮ ಜಲಜಾಕ್ಷಿ ಎಪ್ಪತ್ತರ ದಶಕದಲ್ಲಿ ಮೂರು ಕನ್ನಡ ಕೌಬಾಯ್ ಚಿತ್ರಗಳಲ್ಲಿ ಕುದುರೆ ಓಡಿಸಿದ್ದಳು. ಒಂದೂ ಎರಡು ವಾರ ಓಡಲಿಲ್ಲ. ಕೊನೆಯ ಚಿತ್ರದಲ್ಲಿ ಕುದುರೆಯಿಂದ ಬಿದ್ದು ಹೆಗಲು ಮುರಿದುಕೊಂಡವಳು, ಬ್ಯಾಂಡೇಜಿನಲ್ಲೇ ಮದ್ರಾಸಿಗೆ ಹೋಗಿ ಡಬ್ಬಿಂಗ್ ಮುಗಿಸಿ ಬಂದಳು. ಚಿತ್ರ ಬಿಡುಗಡೆಯಾದಾಗ ಮನೆಯವರು ಅವಳನ್ನು ಥಿಯೇಟರಿಗೆ ಬಿಡಲಿಲ್ಲ.

ಆ ಚಿತ್ರ ನೋಡಿಯೇ ಅಪ್ಪ ಹೆಣ್ಣು ಕೇಳಿಕೊಂಡು ಬಂದದ್ದು. "ನಿನ್ನ ದನಿಗೇ ಬಿದ್ದುಹೋದೆ ಕಣೇ" ಎಂದು ನಲವತ್ತು ವರ್ಷ ಹೇಳಿದರು. ಅಮ್ಮ ಆ ಮಾತನ್ನು ನಂಬಿ ಅವರನ್ನು ಮದುವೆಯಾಗಿ ಸಿನಿಮಾ ಬಿಟ್ಟಳು.

2014ರಲ್ಲಿ, ಯಾರೋ ಪುಣ್ಯಾತ್ಮರು ಯೂಟ್ಯೂಬಿಗೆ ಹಾಕಿದ್ದ ಆ ಚಿತ್ರ ನನಗೆ ಸಿಕ್ಕಿತು. ಆಸ್ಟ್ರೇಲಿಯಾದ ಅಡಿಲೇಡಿನ ಮಾಡ್ಬರಿಯಲ್ಲಿರುವ ನಮ್ಮ ಮನೆಯಲ್ಲಿ, ಜೊತೆಗಿದ್ದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಟಿವಿಯಲ್ಲಿ ಹಾಕಿದೆ. ತೆರೆಯ ಮೇಲೆ ಅಮ್ಮ ಕುದುರೆಯಿಂದ ಧುಮುಕಿ, ಪಿಸ್ತೂಲು ಹಿರಿದು, ಬಾಯಿ ತೆರೆದಳು. ಬಂದದ್ದು ಜೇನಿನಂಥ ದನಿ. ನಮ್ಮಮ್ಮನದು ಗೊಗ್ಗರು ದನಿ.

"ಅಜ್ಜೀ, ದಟ್ಸ್ ನಾಟ್ ಯುವರ್ ವಾಯ್ಸ್!" ಎಂದಳು ನನ್ನ ಮಗಳು ನಿಖಿತಾ.

ಅಮ್ಮನಿಗೆ ಒಂದು ಮಾತೂ ಹೇಳದೆ ಬೇರೆಯವಳ ಕೈಲಿ ಡಬ್ಬಿಂಗ್ ಮಾಡಿಸಿದ್ದರು. ಆದರೆ ಅಮ್ಮ ನಿರ್ದೇಶಕನನ್ನು ಬೈಯಲಿಲ್ಲ, ಅಪ್ಪನ ಕಡೆ ತಿರುಗಿದಳು.

"ಹೆಣ್ಣು ನೋಡೋಕೆ ಬಂದಾಗ ನನ್ನ ಕೈಲಿ ದೇವರನಾಮ ಹಾಡಿಸಿದ್ರಲ್ಲ?"

"ಅವತ್ತೇ ಗೊತ್ತಾಯ್ತು. ಹೇಗೆ ಹೇಳ್ಲಿ?" ಎಂದರು ಅಪ್ಪ.

ಹೇಳದಿದ್ದರೆ ಹೋಗಲಿ, ಆಮೇಲೂ ನಲವತ್ತು ವರ್ಷ ಆ ದನಿಯನ್ನು ಹೊಗಳುವುದೇ! ನಾನಂತೂ ಅಮ್ಮನ ಪರ.

ಈಗ ಅಪ್ಪ ಕಾಫಿ ಕೇಳಿದರೆ ಅಮ್ಮ ಟಿವಿಯಲ್ಲಿ ಆ ದೃಶ್ಯ ಹಾಕಿ, "ಅವಳನ್ನೇ ಕೇಳಿ" ಎಂದು ಎದ್ದು ಹೋಗುತ್ತಾಳೆ.